ಪತಂಗಗಳ ಲೆಕ್ಕವಿಟ್ಟ ಹ್ಯಾಂಪ್ಸನ್

ಹಿತ್ತಿಲ ಕರಿಬೇವಿನ ಗಿಡಕ್ಕೆ ಬರುವ ಕಪ್ಪು ಚಿಟ್ಟೆಯನ್ನು ಗಮನಿಸಿದ್ದೀರಾ? ಎಲೆಯ ಮೇಲೆ ಕುಳಿತು ಮುಂಗಾಲಿನಿಂದ ತಟ್ಟಿ ನೋಡುತ್ತದೆ. ಒಪ್ಪಿಗೆಯಾದರೆ ಮೊಟ್ಟೆಯಿಡುತ್ತದೆ, ಇಲ್ಲವಾದರೆ ಹಾರಿಹೋಗುತ್ತದೆ. ಅದು ಪಾದದಿಂದಲೇ ರುಚಿ ನೋಡುತ್ತದೆ! ಇಂತಹ ಚಿಟ್ಟೆ ಪತಂಗಗಳ ಸಲುವಾಗಿ ಜೀವಮಾನವನ್ನೇ ಸವೆಸಿದವರು ಸರ್ ಜಾರ್ಜ್ ಹ್ಯಾಂಪ್ಸನ್. ಅವರಿಗೆ ಆ ಗೀಳು ಹಿಡಿದದ್ದು ನಮಗೆ ದೂರವಲ್ಲದ ನೀಲಗಿರಿಯಲ್ಲಿ.

ಹ್ಯಾಂಪ್ಸನ್ ಹುಟ್ಟಿದ್ದು 1860ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿ, ಚಹಾ ಬೆಳೆಗಾರರಾಗಿ ನೀಲಗಿರಿಗೆ ಬಂದರು. ಬಂದದ್ದು ಚಹಾಕ್ಕಾಗಿ, ಮನಸ್ಸು ಸೋತದ್ದು ಪತಂಗಗಳಿಗೆ. ಸ್ವದೇಶಕ್ಕೆ ಮರಳಿದ ಮೇಲೆ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಸಂಬಳವಿಲ್ಲದೆ ದುಡಿದರು. 1891ರಲ್ಲಿ ನೀಲಗಿರಿ ಜಿಲ್ಲೆಯ ಪತಂಗಗಳ ಗ್ರಂಥ ಹೊರಬಂತು. 1892ರಿಂದ 1896ರ ಅವಧಿಯಲ್ಲಿ ಭಾರತದ ಪತಂಗಗಳ ಕುರಿತ ನಾಲ್ಕು ಸಂಪುಟಗಳು ಬಂದವು. 1895ರಲ್ಲಿ ಅಲ್ಲಿಯೇ ಕೆಲಸ ಸಿಕ್ಕಿತು. 1898ರಿಂದ 1920ರವರೆಗೆ ಹದಿನೈದು ಸಂಪುಟಗಳ ಇನ್ನೊಂದು ಮಹಾಕಾರ್ಯ ನಡೆಸಿದರು.

ಒಂದೇ ಬಣ್ಣದ ಎರಡು ಪತಂಗಗಳನ್ನು ಬೇರ್ಪಡಿಸುವುದು ಹೇಗೆ? ಹ್ಯಾಂಪ್ಸನ್ನರು ರೆಕ್ಕೆಯ ನರಗಳನ್ನು ನೋಡಿದರು. ಮೀಸೆ ದಾರದಂತಿದೆಯೇ, ಬಾಚಣಿಗೆಯಂತಿದೆಯೇ ಎಂದು ನೋಡಿದರು. ಬಾಯಿಯ ಕುಡಿಗಳನ್ನೂ ಹೀರುವ ನಾಲಗೆಯನ್ನೂ ಪರೀಕ್ಷಿಸಿದರು. ಅವರಿಗೆ ಇವು ಗುರುತಿನ ಚಿಹ್ನೆಗಳು. ಆದರೆ ಮೀಸೆಯೇ ಪತಂಗದ ಮೂಗು, ನಾಲಗೆಯ ಮೇಲೆ ರುಚಿಯರಿಯುವ ಸೂಕ್ಷ್ಮ ರೋಮಗಳಿವೆ ಎಂಬುದು ಮುಂದಿನ ಸಂಶೋಧನೆಗಳಿಂದ ವಿಶದವಾಯಿತು.

ಹುಳುವೂ ಹಾಗೆಯೇ. ಮೈಸೂರು ಸೀಮೆಯವರು ಸಾಕುವ ರೇಷ್ಮೆಹುಳು ವಾಸನೆಯಿಂದ ಹಿಪ್ಪುನೇರಳೆಯತ್ತ ಸಾಗಿ, ರುಚಿ ನೋಡಿ ಮೇಯತೊಡಗುತ್ತದೆ. ಬಾಯಿಯ ಬಳಿಯ ರುಚಿಯ ಅಂಗಗಳನ್ನು ತೆಗೆದರೆ, ಮೊದಲು ಮುಟ್ಟದಿದ್ದ ಎಲೆಗಳನ್ನೂ ತಿನ್ನುತ್ತದೆ! ನಾವು ಹಸಿದಾಗ ಸಿಕ್ಕಿದ್ದನ್ನು ಉಣ್ಣುತ್ತೇವೆ. ಎಷ್ಟೋ ಹುಳುಗಳಿಗೆ ಅದು ಸಾಧ್ಯವಿಲ್ಲ. ತನ್ನ ಗಿಡವಿಲ್ಲದಿದ್ದರೆ ನೂರು ಬಗೆಯ ಹಸಿರಿನ ನಡುವೆಯೂ ಉಪವಾಸ.

ನೀಲಗಿರಿಯ ಇಳಿಜಾರುಗಳಲ್ಲಿ ಚಹಾ ತೋಟಗಳು ಹಬ್ಬಿದಂತೆ ಸೋಲೆ ಕಾಡು, ಹುಲ್ಲುಗಾವಲುಗಳು ಕರಗಿದವು. ಹ್ಯಾಂಪ್ಸನ್ನರೂ ಆ ಬೆಳೆಗಾರರಲ್ಲಿ ಒಬ್ಬರೇ ಎಂಬುದನ್ನು ಮರೆಯುವಂತಿಲ್ಲ. ಆದರೂ ಅಂದು ಅಲ್ಲಿ ಯಾವ ಪತಂಗಗಳಿದ್ದವೆಂಬುದಕ್ಕೆ ಅವರ ಗ್ರಂಥ ಸಾಕ್ಷಿಯಾಗಿ ಉಳಿದಿದೆ.

1896ರಲ್ಲಿ ವಂಶದ ಸರ್ ಪದವಿ ಬಂದರೂ ಅವರು ಕೆಲಸ ಬಿಡಲಿಲ್ಲ. 1936ರ ಅಕ್ಟೋಬರ್ 15ರಂದು ತೀರಿಕೊಂಡರು. ಹಲವು ಪತಂಗಗಳ ಶಾಸ್ತ್ರೀಯ ನಾಮದ ಕೊನೆಗೆ ಇಂದಿಗೂ ಅವರ ಹೆಸರಿದೆ.

ಮಕ್ಕಳೇ, ಕರಿಬೇವಿನ ಎಲೆಯಲ್ಲಿ ಹುಳು ಕಂಡೊಡನೆ ಹೊಸಕಿಹಾಕಬೇಡಿ. ಎರಡು ದಿನ ನೋಡಿ. ಅದು ಪಕ್ಕದ ದಾಸವಾಳವನ್ನು ಮುಟ್ಟುತ್ತದೆಯೇ?