ರಾತ್ರಿಯ ದೀಪದಲ್ಲಿ ಅಕ್ಷರ ಕಲಿತ ಬೇಗಂ ರೊಕೇಯಾ

ಮುಸ್ಲಿಂ ಹೆಣ್ಣುಮಕ್ಕಳ ಶಿಕ್ಷಣದ ಮಾತು ಬಂದಾಗ ಮರೆಯಲಾಗದ ಹೆಸರು ಬೇಗಂ ರೊಕೇಯಾ ಸಖಾವತ್ ಹುಸೇನ್ ಅವರದು. ಸ್ವತಃ ಶಾಲೆಗೆ ಹೋಗಿ ಕಲಿಯುವ ಭಾಗ್ಯ ಸಿಗದ ಈ ಮಹಿಳೆ ನೂರಾರು ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿಕೊಟ್ಟರು.

1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗಪುರದ ಬಳಿ ಪಾಯರಾಬಂದ್ ಗ್ರಾಮದ ಜಮೀನ್ದಾರರ ಮನೆಯಲ್ಲಿ ಅವರು ಜನಿಸಿದರು. ಗಂಡುಮಕ್ಕಳು ಕಲ್ಕತ್ತೆಯಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದರು. ಹೆಣ್ಣುಮಕ್ಕಳಿಗೆ ಕುರ್‌ಆನ್ ಪಾರಾಯಣ ಕಲಿಸಿದರೆ ಸಾಕು, ಬಂಗಾಳಿ ಮತ್ತು ಇಂಗ್ಲಿಷ್ ಬೇಡವೆಂಬುದು ಮನೆಯ ಕಟ್ಟುಪಾಡು. ಆದರೆ ಅಣ್ಣ ಇಬ್ರಾಹಿಂ ಸಾಬಿರ್, ಎಲ್ಲರೂ ಮಲಗಿದ ಮೇಲೆ ದೀಪ ಹಚ್ಚಿ ತಂಗಿಗೆ ಇಂಗ್ಲಿಷ್ ಕಲಿಸಿದರು. ಅಕ್ಕ ಕರೀಮುನ್ನಿಸಾ ಬಂಗಾಳಿಯ ರುಚಿ ಹತ್ತಿಸಿದರು. ಆ ಋಣವನ್ನು ರೊಕೇಯಾ ಕೊನೆಯವರೆಗೂ ಮರೆಯಲಿಲ್ಲ.

1898ರ ಸುಮಾರಿಗೆ ಭಾಗಲ್ಪುರದಲ್ಲಿ ಅಧಿಕಾರಿಯಾಗಿದ್ದ ಸಖಾವತ್ ಹುಸೇನರೊಂದಿಗೆ ವಿವಾಹವಾಯಿತು. ಪತಿಯೂ ಓದಿಗೆ ಬೆಂಬಲವಾದರು. ಅವರು ಪ್ರವಾಸದಲ್ಲಿದ್ದಾಗ ಹೊತ್ತು ಕಳೆಯಲೆಂದು ರೊಕೇಯಾ ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಪತಿ ಅದನ್ನು ತಿದ್ದಲು ಆಂಗ್ಲ ಕಮಿಷನರರಿಗೆ ಕಳಿಸಿದರೆ, ಒಂದೂ ತಿದ್ದುಪಡಿಯಿಲ್ಲದೆ ಮರಳಿ ಬಂತು. 'ಸುಲ್ತಾನಾಸ್ ಡ್ರೀಮ್' ಎಂಬ ಆ ಕಥೆ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ರಾತ್ರಿ ಕದ್ದು ಕಲಿತ ಭಾಷೆ ಅವರನ್ನು ಲೇಖಕಿಯನ್ನಾಗಿಸಿತ್ತು.

ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಎಳವೆಯಲ್ಲೇ ತೀರಿಕೊಂಡರು. 1909ರಲ್ಲಿ ಪತಿಯೂ ನಿಧನರಾದರು. ಶಾಲೆಗಾಗಿ ಅವರು ತೆಗೆದಿಟ್ಟಿದ್ದ 10,000 ರೂಪಾಯಿಯಿಂದ ರೊಕೇಯಾ ಅದೇ ವರ್ಷ ಭಾಗಲ್ಪುರದಲ್ಲಿ ಐದು ಮಕ್ಕಳೊಂದಿಗೆ ಶಾಲೆ ಆರಂಭಿಸಿದರು. ಕೌಟುಂಬಿಕ ಕಲಹದಿಂದ ಊರು ಬಿಡಬೇಕಾಯಿತು. 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಮಕ್ಕಳೊಂದಿಗೆ ಮತ್ತೆ ಆರಂಭಿಸಿದರು. ಶಾಲೆ ನಡೆಸುವ ಬಗೆ ತಿಳಿಯಲು ಬೇರೆ ಶಾಲೆಗಳಿಗೆ ಹೋಗಿ ಪಾಠ ನೋಡಿ ಬಂದರು. ಪರ್ದಾ ಹಾಕಿದ ಗಾಡಿಯಲ್ಲಿ ಮಕ್ಕಳನ್ನು ಕರೆತಂದರು. ಆದರೂ ನಿಂದನೆ ತಪ್ಪಲಿಲ್ಲ.

ಮಕ್ಕಳ ಶಾಲೆಯಷ್ಟೇ ಸಾಲದೆಂದು 1916ರಲ್ಲಿ ಮುಸ್ಲಿಂ ಮಹಿಳೆಯರ ಅಂಜುಮನ್ ಸ್ಥಾಪಿಸಿದರು. ಅದರ ಸದಸ್ಯೆಯರು ಕಲ್ಕತ್ತೆಯ ಕೊಳೆಗೇರಿಗಳಿಗೆ ಹೋಗಿ ಬಡ ಹೆಂಗಸರಿಗೆ ಓದುಬರಹ, ಶುಚಿತ್ವ, ಶಿಶುಪಾಲನೆ ಕಲಿಸಿದರು. ವಿಧವೆಯರಿಗೆ ನೆರವಾದರು. ವಯಸ್ಸು ಮೀರಿತೆಂದು ಕುಳಿತಿದ್ದ ಹೆಂಗಸರ ಬಾಗಿಲಿಗೇ ಅಕ್ಷರ ಬಂತು.

1932ರ ಡಿಸೆಂಬರ್ 9ರಂದು ಅವರು ನಿಧನರಾದಾಗ ಮೇಜಿನ ಮೇಲೆ ಮಹಿಳೆಯರ ಹಕ್ಕುಗಳ ಕುರಿತ ಅಪೂರ್ಣ ಲೇಖನವಿತ್ತು. ಅವರ ಶಾಲೆ ಇಂದಿಗೂ ಕಲ್ಕತ್ತೆಯಲ್ಲಿ ನಡೆಯುತ್ತಿದೆ.

ವಿದ್ಯಾರ್ಥಿ ಮಿತ್ರರೇ, ಇಷ್ಟಕ್ಕೆಲ್ಲ ಮೊದಲಾದದ್ದು ಒಬ್ಬ ಅಣ್ಣ ತಂಗಿಗಾಗಿ ಬಿಟ್ಟುಕೊಟ್ಟ ಕೆಲವು ರಾತ್ರಿಗಳ ನಿದ್ದೆಯಿಂದ. ನಮ್ಮ ಮನೆಗಳಲ್ಲೂ ಸಹಿ ಹಾಕಲು ಬಾರದ ಅಮ್ಮ, ಅಜ್ಜಿ ಇರಬಹುದು. ಇಂದು ರಾತ್ರಿ ಪುಸ್ತಕ ತೆರೆದಾಗ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳೋಣ.