ಲಲ್ಲೇಶ್ವರಿ

ಲಲ್ಲೇಶ್ವರಿ 14ನೆಯ ಶತಮಾನದಲ್ಲಿ ಕಾಶ್ಮೀರದಲ್ಲಿ ಜೀವಿಸಿದ್ದ ಶೈವ ಯೋಗಿನಿ ಹಾಗೂ ಕಾಶ್ಮೀರಿ ಭಾಷೆಯ ಆದ್ಯ ಕವಿಗಳಲ್ಲೊಬ್ಬಳು. ಜನಸಾಮಾನ್ಯರಲ್ಲಿ ಲಲ್ ದೇದ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ದೇದ್ ಎಂದರೆ ಕಾಶ್ಮೀರಿಯಲ್ಲಿ ಅಜ್ಜಿ ಅಥವಾ ಹಿರಿಯ ತಾಯಿ. ಹಿಂದೂಗಳು ಈಕೆಯನ್ನು ಲಲ್ಲಾ ಯೋಗೀಶ್ವರಿ ಎಂದೂ ಮುಸ್ಲಿಮರು ಜ್ಞಾನಿ ಎಂಬರ್ಥದಲ್ಲಿ ಲಲ್ಲಾ ಆರಿಫಾ ಎಂದೂ ಕರೆಯುತ್ತಾರೆ. ಬಸ್ರಾ ನಗರದ ಸೂಫಿ ಸಂತಳಾದ ರಾಬಿಯಾಳನ್ನು ನೆನೆದು ಎರಡನೆಯ ರಾಬಿಯಾ ಎಂದು ಗೌರವಿಸುವುದೂ ಉಂಟು. ಈಕೆಯ ಬಿಡಿ ಪದ್ಯಗಳಿಗೆ ವಾಖ್ ಎಂದು ಹೆಸರು. ಸಂಸ್ಕೃತದ ವಾಕ್, ವಾಕ್ಯ ಎಂಬ ಪದಗಳಿಗೆ ಸಂಬಂಧಿಸಿದ ಶಬ್ದವಿದು. ಲಲ್ಲೇಶ್ವರಿ ಮಠವನ್ನು ಕಟ್ಟಲಿಲ್ಲ, ಪಂಥವನ್ನು ಸ್ಥಾಪಿಸಲಿಲ್ಲ, ತನ್ನ ಕೈಯಿಂದ ಏನನ್ನೂ ಬರೆದಿಡಲಿಲ್ಲ. ಆದರೂ ಎರಡು ಧರ್ಮಗಳ ಜನರು ಆಕೆಯನ್ನು ತಮ್ಮವಳೆಂದು ಹೇಳಿಕೊಳ್ಳುತ್ತ ಬಂದಿದ್ದಾರೆ.

ಕಾಲ ಮತ್ತು ಹಿನ್ನೆಲೆ

ಲಲ್ಲೇಶ್ವರಿಯ ಜೀವಿತಾವಧಿಯನ್ನು ಸಾಮಾನ್ಯವಾಗಿ 1320ರಿಂದ 1392ರವರೆಗೆ ಎಂದು ಹೇಳಲಾಗುತ್ತದೆಯಾದರೂ ಈ ವರ್ಷಗಳು ಊಹೆಯನ್ನು ಆಧರಿಸಿದವು. ಅದು ಕಾಶ್ಮೀರದ ಪಾಲಿಗೆ ಕ್ಷೋಭೆಯ ಕಾಲ. 1320ರಲ್ಲಿ ದುಲ್ಚಾ ಎಂಬವನ ದಾಳಿಯಿಂದ ಕಣಿವೆ ತತ್ತರಿಸಿತು. 1339ರಲ್ಲಿ ಶಾಹ್ ಮೀರ್ ವಂಶದ ಸುಲ್ತಾನರ ಆಳ್ವಿಕೆ ಆರಂಭವಾಯಿತು. ಪಂಡಿತರ ಭಾಷೆ ಆಗಲೂ ಸಂಸ್ಕೃತವೇ ಆಗಿತ್ತು, ಪಾರ್ಸಿ ನಿಧಾನವಾಗಿ ಕಾಲಿಡುತ್ತಿತ್ತು. ತ್ರಿಕ ದರ್ಶನವೆಂದು ಹೆಸರಾದ ಕಾಶ್ಮೀರ ಶೈವದರ್ಶನಕ್ಕೆ ಕೆಲವು ಶತಮಾನಗಳ ಇತಿಹಾಸವಿತ್ತು. ಈ ದರ್ಶನವು ಶಕ್ತಿಯನ್ನು ಶಿವನಿಂದ ಬೇರ್ಪಡಿಸಲಾಗದ ತತ್ತ್ವವೆಂದು ಎತ್ತಿಹಿಡಿಯುತ್ತದೆ. ಆದರೆ ಅದರ ಪ್ರಸಿದ್ಧ ಗ್ರಂಥಕರ್ತರಾದ ಸೋಮಾನಂದ, ಉತ್ಪಲದೇವ, ಅಭಿನವಗುಪ್ತ, ಕ್ಷೇಮರಾಜ ಎಲ್ಲರೂ ಪುರುಷರು. ತತ್ತ್ವದಲ್ಲಿ ಸ್ತ್ರೀಗೆ ದೊರೆತ ಸ್ಥಾನ ಗ್ರಂಥಗಳ ಲೋಕದಲ್ಲಿ ಆಕೆಗೆ ದೊರೆಯಲಿಲ್ಲ. ಲಲ್ಲೇಶ್ವರಿ ಮಾತನಾಡಿದ್ದು ಆ ಲೋಕದ ಹೊರಗೆ, ಮನೆಮಾತಿನಲ್ಲಿ.

ಜೀವನ

ಲಲ್ಲೇಶ್ವರಿ ಶ್ರೀನಗರದ ಸಮೀಪದ ಪಾಂದ್ರೇಠನ್‌ನಲ್ಲಿ ಜನಿಸಿದಳೆಂದು ಒಂದು ಪ್ರತೀತಿ. ಪಾಂಪೋರ್ ಬಳಿಯ ಸೆಂಪೋರ್ ಎಂದು ಇನ್ನೊಂದು. ಬ್ರಾಹ್ಮಣ ಮನೆತನದ ಈಕೆಗೆ ಹನ್ನೆರಡನೆಯ ವಯಸ್ಸಿನಲ್ಲಿ ಪಾಂಪೋರ್‌ನ ಕುಟುಂಬವೊಂದಕ್ಕೆ ಸೇರಿದವನೊಂದಿಗೆ ವಿವಾಹವಾಯಿತು. ವಧುವಿಗೆ ಹೊಸ ಹೆಸರಿಡುವ ಅಲ್ಲಿನ ಪದ್ಧತಿಯಂತೆ ಗಂಡನ ಮನೆಯಲ್ಲಿ ಪದ್ಮಾವತಿ ಎಂದು ಕರೆದರೆಂದು ಹೇಳುತ್ತಾರೆ. ಆ ಹೆಸರು ಉಳಿಯಲಿಲ್ಲ.

ಅತ್ತೆಯ ಕಿರುಕುಳದ ಕಥೆ ಕಾಶ್ಮೀರದಲ್ಲಿ ಮನೆಮಾತಾಗಿದೆ. ಸೊಸೆಯ ತಟ್ಟೆಯಲ್ಲಿ ಅತ್ತೆ ಒಂದು ಕಲ್ಲನ್ನಿಟ್ಟು, ಅದರ ಮೇಲೆ ತೆಳುವಾಗಿ ಅನ್ನ ಹರಡಿ, ತಟ್ಟೆ ತುಂಬಿರುವಂತೆ ತೋರಿಸುತ್ತಿದ್ದಳು. ಲಲ್ಲಾ ಇದ್ದಷ್ಟನ್ನು ಉಂಡು, ಕಲ್ಲನ್ನು ತೊಳೆದು ಮತ್ತೆ ಅದರ ಜಾಗದಲ್ಲಿಡುತ್ತಿದ್ದಳು. ಮನೆಯಲ್ಲಿ ಹಬ್ಬದೂಟ ನಡೆಯಲಿದ್ದ ಒಂದು ದಿನ ಗೆಳತಿಯರು ಛೇಡಿಸಿದಾಗ, ಮನೆಯಲ್ಲಿ ಏನನ್ನು ಕೊಯ್ದರೂ ತನ್ನ ಪಾಲಿಗೆ ಬರುವುದು ಕಲ್ಲೇ ಎಂಬರ್ಥದ ಉತ್ತರ ಕೊಟ್ಟಳಂತೆ. ಆ ಮಾತು ಕಾಶ್ಮೀರಿಯಲ್ಲಿ ಗಾದೆಯಾಗಿ ಉಳಿದಿದೆ. ಸಂತರ ಚರಿತ್ರೆಗಳಲ್ಲಿ ಪವಾಡಗಳಿಗೆ ಕೊರತೆಯಿಲ್ಲ. ಆದರೆ ಹಸಿದ ಸೊಸೆಯ ಈ ಕಥೆಯಲ್ಲಿ ಪವಾಡವೇನೂ ಇಲ್ಲ. ಹೆಂಗಸರ ಬಾಯಲ್ಲಿ ಇದು ಇಷ್ಟು ಕಾಲ ಉಳಿದುಬಂದುದಕ್ಕೆ ಅದೂ ಒಂದು ಕಾರಣವಿರಬಹುದು.

ನೀರು ತರಲು ನದಿಗೆ ಹೋಗುತ್ತಿದ್ದ ಲಲ್ಲಾ ಅಲ್ಲಿ ಧ್ಯಾನದಲ್ಲಿ ಮುಳುಗಿ ತಡವಾಗಿ ಹಿಂದಿರುಗುತ್ತಿದ್ದಳು. ಅತ್ತೆಯ ಮಾತಿನಿಂದ ಆಕೆಯ ನಡತೆಯನ್ನೇ ಶಂಕಿಸಿದ ಗಂಡ ಒಮ್ಮೆ ತಲೆಯ ಮೇಲಿದ್ದ ಕೊಡಕ್ಕೆ ಕೋಲಿನಿಂದ ಹೊಡೆದ. ಕೊಡ ಒಡೆದರೂ ನೀರು ಕೊಡದ ಆಕಾರದಲ್ಲೇ ನಿಂತಿತು. ಆಕೆ ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿ ಉಳಿದ ನೀರನ್ನು ಹೊರಗೆ ಚೆಲ್ಲಿದಳು. ಚೆಲ್ಲಿದಲ್ಲಿ ಕೊಳವಾಯಿತು ಎಂಬುದು ಐತಿಹ್ಯ. ಆ ಕೊಳಕ್ಕೆ ಲಲ್ ತ್ರಾಗ್ ಎಂಬ ಹೆಸರಿದೆ. ಇಪ್ಪತ್ತಾರನೆಯ ವಯಸ್ಸಿನ ಹೊತ್ತಿಗೆ ಆಕೆ ಮನೆಯನ್ನು ತೊರೆದಳು.

ಶೈವ ಗುರು ಸಿದ್ಧ ಶ್ರೀಕಂಠನಿಂದ ಆಕೆ ದೀಕ್ಷೆ ಪಡೆದಳು. ಗುರುವನ್ನು ವಾದದಲ್ಲೂ ಸಾಧನೆಯಲ್ಲೂ ಶಿಷ್ಯೆ ಮೀರಿಸಿದ ಕಥೆಗಳು ಹಲವಿವೆ. ಹೊರಗಿನಿಂದ ಒಳಗೆ ತಿರುಗು ಎಂಬ ಒಂದೇ ಉಪದೇಶವನ್ನು ಗುರು ನೀಡಿದನೆಂದೂ ಅದರಿಂದಲೇ ತಾನು ಬತ್ತಲೆಯಾಗಿ ಅಲೆಯತೊಡಗಿದೆನೆಂದೂ ಅರ್ಥ ಬರುವ ವಾಖ್ ಒಂದು ಪ್ರಸಿದ್ಧವಾಗಿದೆ. ಇದನ್ನು ರೂಪಕವೆಂದು ಓದುವ ವಿದ್ವಾಂಸರೂ ಇದ್ದಾರೆ. ಕನ್ನಡದ ಓದುಗರಿಗೆ ಇಲ್ಲಿ 12ನೆಯ ಶತಮಾನದ ಅಕ್ಕಮಹಾದೇವಿ ನೆನಪಾಗುವುದು ಸಹಜ. ಇಬ್ಬರ ನಡುವೆ ಯಾವ ಐತಿಹಾಸಿಕ ಸಂಬಂಧವೂ ಇಲ್ಲ; ಅಕ್ಕನ ಸುತ್ತ ಇದ್ದ ಶರಣರ ಸಮುದಾಯದಂಥದ್ದು ಲಲ್ಲಾಳಿಗೆ ಇರಲಿಲ್ಲ.

ವಾಖ್‌ಗಳು

ವಾಖ್ ಸಾಮಾನ್ಯವಾಗಿ ನಾಲ್ಕು ಸಾಲಿನ ಪದ್ಯ. ಪ್ರಾಣಾಯಾಮ, ನಾದ, ಶಿವ-ಶಕ್ತಿಯರ ಐಕ್ಯ ಮೊದಲಾದ ಯೋಗದ ಪರಿಭಾಷೆ ಇವುಗಳಲ್ಲಿ ಹೇರಳವಾಗಿದೆ. ಜೊತೆಗೆ ವಿಗ್ರಹಪೂಜೆ, ಪ್ರಾಣಿಬಲಿ, ಬರಿಯ ಶಾಸ್ತ್ರಪಾಠಗಳ ಮೇಲೆ ತೀಕ್ಷ್ಣವಾದ ಟೀಕೆಯಿದೆ. ಉಪಮೆಗಳು ಮಾತ್ರ ದುಡಿಯುವವರ ಬದುಕಿನಿಂದ ಬಂದವು: ಹತ್ತಿಯ ಹೂವು ಹಿಂಜುವವನ, ನೂಲುವವಳ, ನೇಕಾರನ, ಅಗಸನ, ದರ್ಜಿಯ ಕೈಗಳಲ್ಲಿ ಪಡುವ ಪಾಡು ಸಾಧಕಿಯ ಪಾಡಾಗುತ್ತದೆ, ದುರ್ಬಲವಾದ ದಾರದಿಂದ ಎಳೆಯುವ ದೋಣಿ, ನೀರು ಜಿನುಗುವ ಹಸಿಮಣ್ಣಿನ ಪಾತ್ರೆ ಬದುಕಿನ ಅಸ್ಥಿರತೆಯನ್ನು ಹೇಳುತ್ತವೆ. ಅನೇಕ ವಾಖ್‌ಗಳಲ್ಲಿ ಕವಿ ತನ್ನನ್ನು ಲಲ್ಲಾ ಎಂದು ಹೆಸರಿಸಿಕೊಳ್ಳುತ್ತಾಳೆ. ಮಗಳು, ಸೊಸೆ, ಹೆಂಡತಿ ಎಂಬ ಗುರುತುಗಳನ್ನು ಆಕೆ ತನ್ನ ಅಂಕಿತವಾಗಿಸಿಕೊಳ್ಳುವುದಿಲ್ಲ.

ರಿಷಿ ಪಂಥ ಮತ್ತು ಸೂಫಿ ಕಥನಗಳು

ಕಾಶ್ಮೀರದ ಮುಸ್ಲಿಂ ರಿಷಿ ಪಂಥದ ಪ್ರವರ್ತಕ ಶೇಖ್ ನೂರುದ್ದೀನ್ ಅಥವಾ ನುಂದ್ ರಿಷಿ ಲಲ್ಲೇಶ್ವರಿಯ ಕಿರಿಯ ಸಮಕಾಲೀನ. ಹುಟ್ಟಿದ ಶಿಶು ತಾಯಿಯ ಹಾಲನ್ನು ಮುಟ್ಟದಿದ್ದಾಗ ಅಲ್ಲಿಗೆ ಬಂದ ಲಲ್ಲಾ, ಹುಟ್ಟಲು ನಾಚದವನು ಹಾಲು ಕುಡಿಯಲು ಏಕೆ ನಾಚಬೇಕೆಂದು ಗದರಿಸಿ ತಾನೇ ಹಾಲೂಡಿದಳೆಂಬ ಕಥೆ ಬಹು ಜನಪ್ರಿಯ. ನುಂದ್ ರಿಷಿಯ ಹೆಸರಿನಲ್ಲಿರುವ ಪದ್ಯವೊಂದು ಇದಕ್ಕಿಂತ ಭಿನ್ನವಾದ ಚಿತ್ರವನ್ನು ಕೊಡುತ್ತದೆ. ಅದರಲ್ಲಿ ಪಾಂಪೋರ್‌ನ ಲಲ್ಲಾ ಅಮೃತವನ್ನು ಉಂಡ ಸಿದ್ಧೆ. ಅಂಥದೇ ವರ ತನಗೂ ದೊರೆಯಲಿ ಎಂದು ರಿಷಿ ದೇವರಲ್ಲಿ ಬೇಡುತ್ತಾನೆ. ಕಥೆಯಲ್ಲಿ ಆಕೆ ಸಾಕುತಾಯಿ, ಪದ್ಯದಲ್ಲಿ ಮುಂದೆ ನಡೆದ ಸಾಧಕಿ.

ಇರಾನಿನ ಹಮದಾನ್‌ನಿಂದ ಬಂದ ಸೂಫಿ ಮೀರ್ ಸಯ್ಯದ್ ಅಲಿ ಹಮದಾನಿಯೊಂದಿಗಿನ ಭೇಟಿಯ ಕಥೆ ಇನ್ನೊಂದು. ಬಟ್ಟೆಯ ಹಂಗಿಲ್ಲದೆ ತಿರುಗುತ್ತಿದ್ದ ಲಲ್ಲಾ, ನಾಚಬೇಕಾದಂಥ ಗಂಡಸನ್ನು ತಾನಿನ್ನೂ ಕಂಡಿಲ್ಲವೆಂದು ಹೇಳುತ್ತಿದ್ದಳು. ಹಮದಾನಿ ದೂರದಿಂದ ಬರುತ್ತಿರುವುದನ್ನು ಕಂಡೊಡನೆ ಗಂಡಸನ್ನು ಕಂಡೆನೆಂದು ಕೂಗುತ್ತ ದಿನಸಿ ಅಂಗಡಿಗೆ ಓಡಿ, ಅಲ್ಲಿಂದ ರೊಟ್ಟಿ ಸುಡುವವನ ಉರಿಯುವ ಒಲೆಗೆ ಹಾರಿ, ಹಸಿರು ಉಡುಗೆಯುಟ್ಟು ಹೊರಬಂದಳಂತೆ. ಈ ಭೇಟಿಗೆ ಐತಿಹಾಸಿಕ ಪುರಾವೆಯಿಲ್ಲ. ಲಲ್ಲಾಳನ್ನು ಸೂಫಿ ಪರಂಪರೆ ಗೌರವದಿಂದ ಒಳಗೆ ಬರಮಾಡಿಕೊಂಡಿತು ಎಂಬುದಕ್ಕೆ ಕಥೆ ಸಾಕ್ಷಿ. ಒಳಗೆ ಬರುವ ಮುನ್ನ ಆಕೆ ಬಟ್ಟೆ ಉಡಬೇಕಾಯಿತು ಎಂಬುದಕ್ಕೂ ಅದೇ ಸಾಕ್ಷಿ.

ನುಂದ್ ರಿಷಿಯ ಸುತ್ತ ಶ್ಯಾಮ್ ಬೀಬಿಯಂಥ ಶಿಷ್ಯೆಯರಿದ್ದರು. ಆದರೆ ಆತ ಮನೆ ತೊರೆದು ಗುಹೆ ಸೇರಿದಾಗ ಹೆಂಡತಿ ಝೈ ದೇದ್ ಹಿಂದೆ ಉಳಿದಳು. ವೈರಾಗ್ಯವು ಗಂಡಿಗೆ ಪರಿಚಿತವಾದ ದಾರಿಯಾಗಿತ್ತು, ಗೃಹಿಣಿಯೊಬ್ಬಳಿಗೆ ಹಾಗಿರಲಿಲ್ಲ. 17ನೆಯ ಶತಮಾನದ ಕಾಶ್ಮೀರಿ ಸಂತಕವಯಿತ್ರಿ ರೂಪಭವಾನಿಗೆ ಲಲ್ಲಾಳೇ ಮಾದರಿಯಾದಳು.

ಆಧಾರಗಳು ಮತ್ತು ಸಂಗ್ರಹ

15ನೆಯ ಶತಮಾನದಲ್ಲಿ ರಾಜತರಂಗಿಣಿಯನ್ನು ಮುಂದುವರಿಸಿದ ಜೋನರಾಜ ಲಲ್ಲೇಶ್ವರಿಯ ಹೆಸರನ್ನು ಹೇಳುವುದಿಲ್ಲ. ಲಿಖಿತ ಉಲ್ಲೇಖಗಳು 16ನೆಯ ಶತಮಾನದ ಕೊನೆಯಿಂದೀಚಿನ ಪಾರ್ಸಿ ಸಂತಚರಿತ್ರೆಗಳಲ್ಲಿ ದೊರೆಯತೊಡಗುತ್ತವೆ. 1654ರ ಅಸ್ರಾರ್ ಉಲ್ ಅಬ್ರಾರ್ ಅವುಗಳಲ್ಲೊಂದು. ಅಂದರೆ ಸುಮಾರು ಇನ್ನೂರು ವರ್ಷ ಆಕೆಯನ್ನು ಉಳಿಸಿದ್ದು ಬಾಯಿಮಾತು. ರಾಜಾನಕ ಭಾಸ್ಕರ 60 ವಾಖ್‌ಗಳನ್ನು ಸಂಸ್ಕೃತಕ್ಕೆ ತಂದನು. 1914ರಲ್ಲಿ ಜಾರ್ಜ್ ಗ್ರಿಯರ್ಸನ್‌ಗಾಗಿ ಪಂಡಿತ ಮುಕುಂದರಾಮ ಶಾಸ್ತ್ರಿ ಹಸ್ತಪ್ರತಿಗಳನ್ನು ಹುಡುಕಿ ಹೊರಟಾಗ, ಬಾರಾಮುಲ್ಲಾ ಸಮೀಪದ ಗುಶ್ ಗ್ರಾಮದಲ್ಲಿ ಧರ್ಮದಾಸ ದರ್ವೇಶ್ ಎಂಬ ವೃದ್ಧರು ವಾಖ್‌ಗಳನ್ನು ಕಂಠಪಾಠವಾಗಿ ಹೇಳಿ ಬರೆಸಿದರು. ಇದನ್ನು ಆಧರಿಸಿ ಗ್ರಿಯರ್ಸನ್ ಮತ್ತು ಲಯೊನೆಲ್ ಬಾರ್ನೆಟ್ 1920ರಲ್ಲಿ 109 ವಾಖ್‌ಗಳ ಲಲ್ಲಾವಾಕ್ಯಾನಿ ಪ್ರಕಟಿಸಿದರು. ಜಯಲಾಲ್ ಕೌಲ್ 1973ರಲ್ಲಿ ಪಾಠಗಳನ್ನು ಪರಿಷ್ಕರಿಸಿದರು. 2011ರಲ್ಲಿ 146 ವಾಖ್‌ಗಳನ್ನು ಇಂಗ್ಲಿಷಿಗೆ ಅನುವಾದಿಸಿದ ರಂಜಿತ್ ಹೊಸ್ಕೋಟೆ ಅವರ ಅಭಿಪ್ರಾಯದಲ್ಲಿ ಇಂದು ಲಲ್ಲಾಳ ಹೆಸರಿನಲ್ಲಿರುವ ಪದ್ಯರಾಶಿಯು ತಲೆಮಾರುಗಳ ಅನಾಮಿಕ ಹಾಡುಗಾರರು ಸೇರಿಸುತ್ತ ಬಂದ ಪರಂಪರೆ.

ಮರಣ

ಲಲ್ಲೇಶ್ವರಿ ಬಿಜಬಿಹಾರಾದಲ್ಲಿ ದೇಹ ಬಿಟ್ಟಳೆಂದು ಪ್ರತೀತಿ. ಅಲ್ಲಿನ ಜಾಮಾ ಮಸೀದಿಯ ಬಳಿಯ ಗೋರಿಯೊಂದನ್ನು ಆಕೆಯದೆಂದು ತೋರಿಸುತ್ತಾರೆ. ದೇಹ ಜ್ವಾಲೆಯಾಗಿ ಬಯಲಲ್ಲಿ ಲೀನವಾಯಿತೆಂದು ನಂಬುವವರಿಗೆ ಸಮಾಧಿಯ ಪ್ರಶ್ನೆಯೇ ಇಲ್ಲ. ಶ್ರೀನಗರದಲ್ಲಿರುವ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಲಲ್ ದೇದ್ ಎಂದು ಹೆಸರಿಡಲಾಗಿದೆ.