ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ನಂಜನಗೂಡಿನ ಮಗಳು: ಬೆಂಗಳೂರು ನಾಗರತ್ನಮ್ಮನ ಬದುಕು

ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯ ದಿನ, ಸಾಮಾನ್ಯವಾಗಿ ಜನವರಿ ತಿಂಗಳಲ್ಲಿ, ತಮಿಳುನಾಡಿನ ತಿರುವೈಯಾರಿನಲ್ಲಿ ನೂರಾರು ಗಾಯಕರು ಸೇರುತ್ತಾರೆ. ಕಾವೇರಿ ದಂಡೆಯಲ್ಲಿ ಸಾಲಾಗಿ ಕುಳಿತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಒಂದೇ ಕೊರಳಲ್ಲಿ ಹಾಡುತ್ತಾರೆ. ಗಂಡಸರು, ಹೆಂಗಸರು, ಹೆಸರು ಮಾಡಿದವರು, ಈಗಷ್ಟೇ ಕಲಿಯುತ್ತಿರುವವರು ಎಲ್ಲರೂ ಅಲ್ಲಿರುತ್ತಾರೆ. ಅವರು ಕೂರುವ ಆ ಜಾಗಕ್ಕೆ ಇವತ್ತಿನ ರೂಪ ಬಂದಿದ್ದು ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿಂದ. ಅವರೇ ಬೆಂಗಳೂರು ನಾಗರತ್ನಮ್ಮ.

ಒಳ್ಳೆ ಸಂಗೀತ ತಾನಾಗಿಯೇ ಉಳಿಯುತ್ತೆ, ಅದಕ್ಕೆ ಯಾರ ಹಂಗೂ ಬೇಡ ಅನ್ನೋ ಮಾತಿದೆ. ನಾಗರತ್ನಮ್ಮನವರ ಬದುಕು ನೋಡಿದರೆ ಅದು ಅರ್ಧ ಸತ್ಯ ಅಷ್ಟೇ ಅನ್ನಿಸುತ್ತದೆ. ಹಾಡು ಎಷ್ಟೇ ದೊಡ್ಡದಿರಲಿ, ಅದನ್ನು ಎತ್ತಿಕೊಂಡು ಮುಂದಿನವರ ಕೈಗೆ ಕೊಡೋರು ಬೇಕು.

ಅಮ್ಮನ ಹಠ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ಸುಬ್ಬರಾವ್ ವಕೀಲರು. ಮಗು ಇನ್ನೂ ಚಿಕ್ಕದಿರುವಾಗಲೇ ಸುಬ್ಬರಾಯರು ಕೈಬಿಟ್ಟರು. ಮಗಳನ್ನು ಕಟ್ಟಿಕೊಂಡು ತಾಯಿ ಮೈಸೂರು ಸೇರಿದರು.

ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯ ಶಾಸ್ತ್ರಿಗಳು ಹುಡುಗಿಗೆ ಸಂಸ್ಕೃತ ಕಲಿಸಿದರು. ಸಂಗೀತದ ಪಾಠವೂ ಆರಂಭವಾಯಿತು. ಹುಡುಗಿ ಚುರುಕು, ಹೇಳಿಕೊಟ್ಟಿದ್ದನ್ನು ತಟ್ಟನೆ ಹಿಡಿಯೋಳು. ಆದರೆ ಕೆಲವು ವರ್ಷಗಳಲ್ಲಿ ಆ ಆಸರೆಯೂ ತಪ್ಪಿತು. ಮಗಳನ್ನು ದೊಡ್ಡ ವಿದುಷಿ ಮಾಡದೆ ಈ ಊರಿಗೆ ಕಾಲಿಡೋದಿಲ್ಲ ಅಂತ ಶಪಥ ಮಾಡಿ ಪುಟ್ಟಲಕ್ಷ್ಮಮ್ಮ ಮೈಸೂರು ಬಿಟ್ಟರು.

ಆ ಹಠದ ದಾರಿ ಕೊನೆಗೆ ಅವರನ್ನು ಬೆಂಗಳೂರಿಗೆ ತಂದಿತು. ಅಲ್ಲಿ ಮುನಿಸ್ವಾಮಪ್ಪ ಎಂಬ ಗುರು ಸಿಕ್ಕರು. ಇವರದು ವಾಲಾಜಪೇಟೆಯ ಪಾಠ. ತ್ಯಾಗರಾಜರ ನೇರ ಶಿಷ್ಯರಾಗಿದ್ದ ವೆಂಕಟರಮಣ ಭಾಗವತರು ಮತ್ತು ಅವರ ಮಗ ಕೃಷ್ಣಸ್ವಾಮಿ ಭಾಗವತರ ಕಡೆಯಿಂದ ಇಳಿದು ಬಂದ ಪರಂಪರೆ ಅದು.

ಕೃತಿಗಳು ಉಳಿದ ಬಗೆ

ಇಲ್ಲಿ ಒಂದು ವಿಷಯ ತಿಳಿಯಬೇಕು. 1767ರಲ್ಲಿ ಹುಟ್ಟಿ 1847ರ ಜನವರಿ 6ರಂದು ತೀರಿಕೊಂಡ ತ್ಯಾಗರಾಜರ ಕಾಲದಲ್ಲಿ ರೆಕಾರ್ಡಿಂಗ್ ಇರಲಿಲ್ಲ. ಅವರು ಹಾಡುತ್ತಾ ಹೋದರು, ಶಿಷ್ಯರು ಬಾಯಿಪಾಠ ಮಾಡಿದರು, ಕೆಲವರು ಓಲೆಗರಿಯಲ್ಲಿ ಬರೆದಿಟ್ಟರು. ವಾಲಾಜಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನಂ ಊರುಗಳ ಶಿಷ್ಯರ ಸಾಲುಗಳು ಆ ಕೃತಿಗಳನ್ನು ಹೊತ್ತು ತಂದವು. ಇವತ್ತು ಸಿಗುವ ಸುಮಾರು 700 ಕೃತಿಗಳ ಹಿಂದೆ ಈ ಸಾಲುಗಳ ದುಡಿಮೆ ಇದೆ.

ತ್ಯಾಗರಾಜರು ತಮ್ಮ ಹಿಂದಿನವರನ್ನು ಮರೆತವರಲ್ಲ. ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಕನ್ನಡದ ಪುರಂದರದಾಸರನ್ನು ಸ್ಮರಿಸಿದ್ದಾರೆ. ದಾಸರಿಂದ ತ್ಯಾಗರಾಜರಿಗೆ, ತ್ಯಾಗರಾಜರಿಂದ ಶಿಷ್ಯರಿಗೆ ಬಂದ ಆ ಸೊತ್ತು ಬೆಂಗಳೂರಿನ ಒಂದು ಪಾಠದ ಮನೆಯಲ್ಲಿ ನಾಗರತ್ನಮ್ಮನ ಕೊರಳಿಗೂ ಇಳಿಯಿತು.

ಹದಿನೈದರ ಆಸುಪಾಸಿನಲ್ಲೇ ನಾಗರತ್ನಮ್ಮ ಸಭೆ ಏರಿದರು. ಮೈಸೂರು ಅರಮನೆಯ ಮನ್ನಣೆ ಸಿಕ್ಕಿತು. ತಾಯಿಯ ಶಪಥ ನೆರವೇರಿತು. ಬೆಂಗಳೂರಿನಲ್ಲಿ ನ್ಯಾಯಾಧೀಶ ನರಹರಿರಾಯರು ಪೋಷಕರಾಗಿ ನಿಂತರು. ಬಸವನಗುಡಿ ಬಳಿಯ ನರಹರಿರಾಯರ ಗುಡ್ಡಕ್ಕೆ ಹೆಸರು ಬಂದಿದ್ದು ಇವರಿಂದಲೇ. ಮುಂದೆ ನಾಗರತ್ನಮ್ಮ ಮದ್ರಾಸಿಗೆ ಹೋಗಿ ನೆಲೆಸಿದರು. ಕಚೇರಿಗಳು ಒಂದರ ಹಿಂದೆ ಒಂದು ಬಂದವು. ಗ್ರಾಮಫೋನ್ ತಟ್ಟೆಗಳೂ ಹೊರಬಂದವು. ಊರು ಬಿಟ್ಟರೂ ಹೆಸರಿನ ಮುಂದೆ ಬೆಂಗಳೂರು ಉಳಿಯಿತು.

ಪುಸ್ತಕಕ್ಕೆ ಬಿದ್ದ ನಿಷೇಧ

ಮದ್ರಾಸಿನಲ್ಲಿ ಅವರ ಕೈಗೆ ಒಂದು ತೆಲುಗು ಕಾವ್ಯ ಸಿಕ್ಕಿತು, ರಾಧಿಕಾ ಸಾಂತ್ವನಮು. 18ನೇ ಶತಮಾನದಲ್ಲಿ ತಂಜಾವೂರು ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ಬರೆದದ್ದು. ಅಚ್ಚಾಗಿದ್ದ ಪ್ರತಿಯಲ್ಲಿ ಪದ್ಯಗಳನ್ನು ಕತ್ತರಿಸಿದ್ದರು. ಕವಯಿತ್ರಿ ತನ್ನ ಅಜ್ಜಿ, ತಾಯಿಯ ಬಗ್ಗೆ ಹೇಳಿಕೊಂಡ ಭಾಗವೂ ಅದರಲ್ಲಿರಲಿಲ್ಲ. ನಾಗರತ್ನಮ್ಮ ಬಿಡಲಿಲ್ಲ. ಹಳೆ ಹಸ್ತಪ್ರತಿ ಹುಡುಕಿ, ಎರಡನ್ನೂ ತಾಳೆ ನೋಡಿ, 1910ರಲ್ಲಿ ಪೂರ್ತಿ ಕಾವ್ಯ ಅಚ್ಚು ಹಾಕಿಸಿದರು.

ಗಲಾಟೆ ಎದ್ದಿತು. ಕಾವ್ಯ ಅಶ್ಲೀಲ ಅಂದರು. ಹೆಸರಾಂತ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರಿಗೂ ಆ ಶೃಂಗಾರ ಸರಿಬೀಳಲಿಲ್ಲ. ಗಂಡಸರು ಬರೆದ ಶೃಂಗಾರ ಕಾವ್ಯ ಪಾಠಕ್ಕೆ ಇರಬಹುದು, ಹೆಂಗಸು ಬರೆದರೆ ಮಾತ್ರ ತಪ್ಪಾ ಅನ್ನೋದು ನಾಗರತ್ನಮ್ಮನ ವಾದ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ತೆರವಾಗಿದ್ದು 1947ರಲ್ಲಿ. ಅಷ್ಟು ವರ್ಷ ಮುದ್ದುಪಳನಿ ಜನರ ಕೈಗೆ ಸರಿಯಾಗಿ ಸಿಗಲಿಲ್ಲ. ಕಾವ್ಯದಲ್ಲಿ ಕಸುವು ಇದ್ದರೂ ಉಳಿಸಿಕೊಳ್ಳೋರು ಸೋತರೆ ಏನಾಗುತ್ತೆ ಅನ್ನೋದನ್ನು ನಾಗರತ್ನಮ್ಮ ಕಣ್ಣಾರೆ ಕಂಡರು.

ಮೈಸೂರಿನಿಂದ ಬಂದ ಕಾಗದ

1921ರಲ್ಲಿ ಮೈಸೂರಿನ ಹಿರಿಯ ಗಾಯಕ ಬಿಡಾರಂ ಕೃಷ್ಣಪ್ಪನವರಿಂದ ನಾಗರತ್ನಮ್ಮನಿಗೆ ಒಂದು ಕಾಗದ ಬಂತು. ತಿರುವೈಯಾರಿಗೆ ಹೋಗಿದ್ದ ಕೃಷ್ಣಪ್ಪನವರು ತ್ಯಾಗರಾಜರ ಸಮಾಧಿಯ ಸ್ಥಿತಿ ನೋಡಿ ನೊಂದಿದ್ದರು. ಗಿಡಗಂಟಿ ಬೆಳೆದು, ಗಲೀಜು ತುಂಬಿ, ಕೇಳೋರಿಲ್ಲದ ಜಾಗವಾಗಿತ್ತು ಅದು.

ವಿಚಿತ್ರ ಅಂದರೆ, ಆ ಹೊತ್ತಿಗೆ ತ್ಯಾಗರಾಜರ ಕೃತಿ ಇಲ್ಲದೆ ಕಚೇರಿಯೇ ನಡೆಯುತ್ತಿರಲಿಲ್ಲ. ಊರೂರಲ್ಲಿ ಹಾಡುತ್ತಿದ್ದರು. ಆರಾಧನೆಯೂ ಇತ್ತು. ಆದರೆ ಅದನ್ನು ನಡೆಸುವವರಲ್ಲೇ ಎರಡು ಪಕ್ಷ ಆಗಿತ್ತು, ಅವರು ಬೇರೆ, ಇವರು ಬೇರೆ. ಆರಾಧನೆ ಮುಗಿದ ಮೇಲೆ ಸಮಾಧಿ ಮತ್ತೆ ಮುಳ್ಳುಕಂಟಿಯ ಪಾಲು.

ನಾಗರತ್ನಮ್ಮ ಅದೇ ವರ್ಷ ಕೆಲಸ ಶುರು ಮಾಡಿದರು. ಸಮಾಧಿಯ ಸುತ್ತಲಿನ ಜಾಗ ಪಡೆದರು, ಕಂಟಿ ಕಡಿಸಿದರು, ಗುಡಿ ಎಬ್ಬಿಸಿದರು, ತ್ಯಾಗರಾಜರ ಮೂರ್ತಿ ಮಾಡಿಸಿದರು, ದಿನನಿತ್ಯದ ಪೂಜೆಗೆ ವ್ಯವಸ್ಥೆ ಮಾಡಿದರು. ದುಡ್ಡು ಹಾಡಿ ಗಳಿಸಿದ್ದು, ಒಡವೆ ಮಾರಿ ತಂದದ್ದು. 1925ರಲ್ಲಿ ಗುಡಿಗೆ ಕುಂಭಾಭಿಷೇಕವಾಯಿತು.

ಕಟ್ಟಿಸಿದವರಿಗೇ ಹಾಡಲು ಬಿಡಲಿಲ್ಲ

ಗುಡಿ ಎದ್ದ ಮೇಲೂ ಆರಾಧನೆ ನಡೆಸುತ್ತಿದ್ದ ಎರಡೂ ಪಕ್ಷಗಳು ಹೆಂಗಸರು ಅಲ್ಲಿ ಹಾಡುವುದಕ್ಕೆ ಒಪ್ಪಲಿಲ್ಲ. ದೇವದಾಸಿಯರಂತೂ ದೂರದ ಮಾತು. ತನ್ನ ದುಡ್ಡಲ್ಲಿ ಎದ್ದ ಗುಡಿಯ ಮುಂದೆ ತಾನು ಬಾಯಿ ತೆರೆಯುವಂತಿಲ್ಲ ಅನ್ನೋ ಪರಿಸ್ಥಿತಿ.

ನಾಗರತ್ನಮ್ಮ ಅತ್ತುಕೊಂಡು ಮನೆಗೆ ಹೋಗಲಿಲ್ಲ. 1927ರ ಹೊತ್ತಿಗೆ ಹೆಂಗಸರದ್ದೇ ಮೂರನೇ ಪಕ್ಷ ಕಟ್ಟಿದರು. ಗುಡಿಯ ಹಿಂಬದಿಯಲ್ಲಿ ಕೂತು ತಮ್ಮದೇ ಆರಾಧನೆ ನಡೆಸಿದರು. ತಾವೂ ಹಾಡಿದರು, ಹರಿಕಥೆ ಮಾಡಿದರು, ಇತರ ಗಾಯಕಿಯರಿಂದ ಹಾಡಿಸಿದರು. ವರ್ಷದಿಂದ ವರ್ಷಕ್ಕೆ ಆ ಕಡೆ ಜನ ಹೆಚ್ಚಾದರು. ಗಂಡಸರ ಪಕ್ಷಗಳು ಸುಮ್ಮನಿರೋ ಹಾಗಿರಲಿಲ್ಲ.

ಮಾತುಕತೆ ನಡೆದು 1941ರಲ್ಲಿ ಎಲ್ಲ ಪಕ್ಷಗಳೂ ಒಂದಾದವು. ಹೆಂಗಸರೂ ಜೊತೆಗೆ ಕೂತು ಹಾಡುವಂತಾಯಿತು. ಎಲ್ಲರೂ ಸೇರಿ ಪಂಚರತ್ನ ಹಾಡುವ ಈಗಿನ ಪದ್ಧತಿ ಗಟ್ಟಿಯಾಗಿದ್ದೂ ಆಗಲೇ. ಇವತ್ತು ಸಂಗೀತ ಕಲಿಯುವ ಮಕ್ಕಳು ಈ ಐದು ಕೃತಿಗಳನ್ನು ಕಲಿಯದೆ ಇರೋದಿಲ್ಲ. ಹಾಗಾಗಲು ಕೃತಿಗಳ ಸೊಗಸು ಒಂದು ಕಾರಣವಾದರೆ, ವರ್ಷಕ್ಕೊಮ್ಮೆ ಒಂದೆಡೆ ಸೇರಿ ಹಾಡುವ ಈ ರೂಢಿ ಇನ್ನೊಂದು ಕಾರಣ.

ಕೊನೆಯ ದಿನಗಳು

ವಯಸ್ಸಾದ ಮೇಲೆ ನಾಗರತ್ನಮ್ಮ ಮದ್ರಾಸು ಬಿಟ್ಟು ತಿರುವೈಯಾರಿನಲ್ಲೇ ಉಳಿದರು. 1949ರಲ್ಲಿ ಉಯಿಲು ಬರೆದು ತಮ್ಮ ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟರು. ಅದರಲ್ಲಿ ಒಂದು ಷರತ್ತು ಸ್ಪಷ್ಟವಾಗಿತ್ತು: ಹೆಂಗಸರಿಗೆ ಅಲ್ಲಿ ಸೇವೆ ಮಾಡುವ ಹಕ್ಕು ತಪ್ಪಬಾರದು. ಮಕ್ಕಳಿಗೆ ಅಂಗಡಿ ಬಿಟ್ಟುಹೋಗೋರು ಬಾಕಿ ಲೆಕ್ಕವನ್ನೂ ಬರೆದಿಡೋ ಹಾಗೆ, ಮುಂದೆ ಯಾರೂ ತಕರಾರು ಮಾಡದಂತೆ ಕಾಗದದಲ್ಲೇ ಕಟ್ಟಿಹಾಕಿದ್ದರು.

1952ರ ಮೇ 19ರಂದು ಅವರು ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಹತ್ತಿರದಲ್ಲೇ ಅವರ ಸಮಾಧಿಯಾಯಿತು. ಅಲ್ಲಿರುವ ಅವರ ಪ್ರತಿಮೆ ಇವತ್ತಿಗೂ ತ್ಯಾಗರಾಜರ ಗುಡಿಯ ಕಡೆ ಮುಖ ಮಾಡಿ ಕೈಮುಗಿದು ಕೂತಿದೆ.

ತ್ಯಾಗರಾಜರ ಕೃತಿಗಳು ಅಮರ ಅಂತ ಎಲ್ಲರೂ ಹೇಳುತ್ತಾರೆ. ಹೇಳಿದ್ದನ್ನು ಬಾಯಿಪಾಠ ಮಾಡಿದ ಶಿಷ್ಯರು, ಪಾಠ ಹೇಳಿದ ಮುನಿಸ್ವಾಮಪ್ಪ, ಕಾಗದ ಬರೆದ ಬಿಡಾರಂ ಕೃಷ್ಣಪ್ಪ, ಕಂಟಿ ಕಡಿಸಿದ ನಾಗರತ್ನಮ್ಮ, ಇಷ್ಟೂ ಜನರ ಕೈ ಆ ಮಾತಿನ ಹಿಂದಿದೆ.

ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತಾಳೆ. ಅದೇ ಕಾವೇರಿ ಮುಂದೆ ತಿರುವೈಯಾರಿನ ಆ ಗುಡಿಯ ಪಕ್ಕ ಹರಿಯುತ್ತಾಳೆ. ಊರಿನ ನೀರು ಹೋಗೋ ದಾರಿಯಲ್ಲೇ ಊರಿನ ಮಗಳೂ ಹೋಗಿ ಅಲ್ಲಿ ನೆಲೆ ನಿಂತರು.